ಅದು ಫೋಟೋ ಅಲ್ಲ

ಲೇಖನ ಚೆನ್ನಾಗಿದೆ. ಆದರೆ ಎರಡು ಆಯಾಮದ ಸ್ಪೆಕ್ಟ್ರೋಸ್ಕೋಪಿ ಅಂದರೆ ‘ಎಲೆಕ್ಟ್ರಾನುಗಳ ಫೋಟೋ’ ಅಂತ ಬರೆದಿದ್ದೀರಿ. ಫೋಟೋ ಅಲ್ಲ ಸರ್, ಲೇಸರ್ ಮಿಡಿತಗಳಿಂದ ತಟ್ಟಿ ನೋಡಿ, ವಸ್ತುವಿನೊಳಗೆ ಯಾರ ಜೊತೆ ಯಾರಿಗೆ ನಂಟು ಅಂತ ಬರೆಯೋ ನಕ್ಷೆ.

ಗ್ಯಾಲಿಯಂ ಆರ್ಸೆನೈಡ್ ಕ್ವಾಂಟಂ ವೆಲ್ ತಗೊಳ್ಳಿ, ಅಂದರೆ ಅರೆವಾಹಕದ ಅತಿ ತೆಳು ಪದರ. ಬೆಳಕು ಬಿದ್ದಾಗ ಎಲೆಕ್ಟ್ರಾನ್ ಮತ್ತು ಅದು ಬಿಟ್ಟ ಖಾಲಿ ಜಾಗ (ಹೋಲ್) ಜೋಡಿಯಾದರೆ ಅದೇ ಎಕ್ಸಿಟಾನ್; ಇದರಲ್ಲಿ ಭಾರದ ಹೋಲ್‌ನದ್ದು, ಹಗುರ ಹೋಲ್‌ನದ್ದು ಅಂತ ಎರಡು ಬಗೆ. ಮಾಮೂಲಿ ಸ್ಪೆಕ್ಟ್ರಮ್‌ನಲ್ಲಿ ಎರಡು ಶಿಖರ ಕಾಣುತ್ತವೆ, ಅಷ್ಟೇ. ನಕ್ಷೆಯಲ್ಲಾದರೆ (ಒಂದು ಅಕ್ಷ ಹೀರಿದ ಬೆಳಕಿನ ಆವರ್ತನ, ಇನ್ನೊಂದು ಹೊಮ್ಮಿದ್ದರದ್ದು), ಎರಡಕ್ಕೂ ನಂಟಿದ್ದರೆ ಕರ್ಣರೇಖೆಯ ಆಚೀಚೆ ಹೊಸ ಶಿಖರಗಳು ಏಳುತ್ತವೆ. ಅಮೆರಿಕದ ಬೌಲ್ಡರ್‌ನ ಜಿಲಾ ಸಂಶೋಧನಾ ಸಂಸ್ಥೆಯಲ್ಲಿ ಭೌತವಿಜ್ಞಾನಿ ಸ್ಟೀವನ್ ಕಂಡಿಫ್ ತಂಡ ತೋರಿಸಿದ್ದು ಇನ್ನೂ ಸ್ವಾರಸ್ಯ: ಎಕ್ಸಿಟಾನ್‌ಗಳು ಒಂದನ್ನೊಂದು ಎಳೆದಾಡುವುದನ್ನು ಲೆಕ್ಕಕ್ಕೆ ತಗೊಳ್ಳದಿದ್ದರೆ ಆ ಶಿಖರಗಳ ಆಕಾರವೇ ಸರಿಹೊಂದಲ್ಲ.

ಉಪಾಯ ಹೊಸದೇನಲ್ಲ, ಎನ್‌ಎಂಆರ್‌ನವರದ್ದು (ಕಾಂತಕ್ಷೇತ್ರದಲ್ಲಿಟ್ಟ ಪರಮಾಣು ಬೀಜಗಳನ್ನು ರೇಡಿಯೋ ಅಲೆಯಿಂದ ಪರೀಕ್ಷಿಸೋರು). 1971ರಲ್ಲಿ ಬೆಲ್ಜಿಯಂನ ಭೌತವಿಜ್ಞಾನಿ ಜೀನರ್ ಹೇಳಿದ್ದು. ಅದನ್ನು ರೇಡಿಯೋ ಅಲೆ ಬಿಟ್ಟು ಬೆಳಕಿನ ಅಲೆಗೆ ಅಳವಡಿಸೋದೇ ಕಷ್ಟ. ಒಂದು ಫೆಮ್ಟೋಸೆಕೆಂಡ್‌ನಲ್ಲಿ (ಸೆಕೆಂಡಿನ ಸಾವಿರ ಲಕ್ಷ ಕೋಟಿಯಲ್ಲೊಂದು ಪಾಲು) ಬೆಳಕು ಹೋಗೋದು ಬರೀ 0.3 ಮೈಕ್ರಾನ್. ಲೇಸರ್ ದಾರಿಯ ಕನ್ನಡಿ ಅದರ ಕಾಲು ಭಾಗ ಅಲುಗಿದರೂ ಫೇಸ್, ಅಂದರೆ ಅಲೆಗಳ ಏರಿಳಿತದ ತಾಳ, ಕೆಡುತ್ತದೆ. ಇಂಥದ್ದೊಂದು ಲ್ಯಾಬ್‌ನಲ್ಲಿ ಎಸಿ ಗಾಳಿ ತಾಗದಿರಲಿ ಅಂತ ಮೇಜಿಗೆಲ್ಲಾ ಪ್ಲಾಸ್ಟಿಕ್ ಹೊದಿಸಿ, ಉಸಿರು ಬಿಗಿಹಿಡಿದು ಕೂತಿದ್ದೆ. ಬೆಳಗಿನ ಜಾವ ಯಾರೋ ಬಾಗಿಲು ದಡಾರ್ ಅಂತ ಹಾಕಿದರು. ರಾತ್ರಿಯ ಡೇಟಾ ಎಲ್ಲಾ ಹೋಯ್ತು. ಮುಂದಿನ ಕಂತಿನಲ್ಲಿ ಈ ಪಾಡನ್ನೂ ಸ್ವಲ್ಪ ಬರೀರಿ, ಆಗಲ್ವಾ?