ಒಳಗಿನಿಂದ ನೋಡಿದರೆ ಎಲ್ಲವೂ ಸರಿಯಾಗಿತ್ತು

ಎಂಟು ಜನರ ನಮ್ಮ ಸಣ್ಣ ಕಚೇರಿಯಲ್ಲಿ ಇಮೇಲ್ ಸರ್ವರಿನ ಉಸ್ತುವಾರಿ ನನ್ನ ಕೊರಳಿಗೆ ಬಿದ್ದದ್ದು ಯಾವ ಅರ್ಹತೆಯಿಂದಲೂ ಅಲ್ಲ. ಹಿಂದೊಮ್ಮೆ ಸಡಿಲವಾಗಿದ್ದ ಕೇಬಲ್ಲೊಂದನ್ನು ನಾನು ಒತ್ತಿ ಕೂರಿಸಿದೆ, ಎಲ್ಲರ ಇಂಟರ್ನೆಟ್ ಮರಳಿ ಬಂತು, ಅಂದಿನಿಂದ ಕಚೇರಿಯ ಜಾಲಕ್ಕೆ ಕಾವಲು ನಿಂತಿರುವ ಫೈರ್‌ವಾಲಿನ ಪಾಸ್‌ವರ್ಡ್ ಇರುವ ಚೀಟಿ ನನ್ನ ಮೇಜಿನ ಖಾನೆಯಲ್ಲಿದೆ.

ಆ ಸೋಮವಾರ ಬೆಳಿಗ್ಗೆ ಯಾರಿಗೂ ಒಂದು ಇಮೇಲ್ ಬಂದಿರಲಿಲ್ಲ. ಮಧ್ಯಾಹ್ನದವರೆಗೆ ಇದನ್ನು ಯಾರೂ ದೋಷವೆಂದು ಭಾವಿಸಲಿಲ್ಲ. ಎಲ್ಲರೂ ಲವಲವಿಕೆಯಿಂದ ಕೆಲಸ ಮಾಡುತ್ತಿದ್ದರು. ಗ್ರಾಹಕರೊಬ್ಬರು ಫೋನ್ ಮಾಡಿ, ‘ನಾಲ್ಕು ಪತ್ರ ಬರೆದರೂ ನೀವು ಉತ್ತರ ಕೊಡುತ್ತಿಲ್ಲ’ ಎಂದು ಸಿಡುಕಿದ ಮೇಲೆಯೇ ಏಳೂ ಮುಖಗಳು ನನ್ನ ಕಡೆ ತಿರುಗಿದವು. ಲೆಕ್ಕಪತ್ರ ನೋಡಿಕೊಳ್ಳುವ ಮೇಡಂ, ‘ಬೆಳಿಗ್ಗೆಯಿಂದ ಪ್ರಿಂಟರ್ ಕೂಡ ಕೆಲಸ ಮಾಡುತ್ತಿಲ್ಲ, ಅದನ್ನೂ ಸ್ವಲ್ಪ ನೋಡಿ’ ಎಂದರು. ‘ಒಂದೊಂದಾಗಿ ನೋಡೋಣ ಮೇಡಂ’ ಎಂದು ನಾನು ಗಂಭೀರವಾಗಿ ಹೇಳಿದೆ. ಈ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲ ಪರೀಕ್ಷೆಯಾಗಿ ನಾನು ಕಚೇರಿಯ ಎಲ್ಲರಿಗೂ ಒಂದು ಇಮೇಲ್ ಕಳುಹಿಸಿದೆ: ‘ಈ ಪತ್ರ ನಿಮಗೆ ತಲುಪದಿದ್ದರೆ ದಯವಿಟ್ಟು ತಿಳಿಸಿ.’ ಏಳು ಜನರೂ ‘ತಲುಪಿದೆ’ ಎಂದು ಉತ್ತರಿಸಿದರು. ನಮ್ಮಿಂದ ಹೊರಗೆ ಹೋಗುವ ಪತ್ರಗಳೂ ಸರಾಗವಾಗಿ ಹೋಗುತ್ತಿದ್ದವು. ಅಂದಮೇಲೆ ಸರ್ವರಿಗೆ ಏನೂ ಆಗಿಲ್ಲ ಎಂದು ಯಾರಾದರೂ ಹೇಳುತ್ತಿದ್ದರು. ಆದರೂ ನಾನು ಅದನ್ನು ಮೂರು ಸಲ ಆರಿಸಿ ಹಚ್ಚಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಅವರಿಗಾದರೂ ಎತ್ತು ಯಾವುದೆಂದು ಗೊತ್ತಿತ್ತು.

ಎರಡನೆಯ ಪರೀಕ್ಷೆ ಟೆಲ್ನೆಟ್‌ನದು, ಅಂದರೆ ಇನ್ನೊಂದು ಯಂತ್ರದೊಡನೆ ನೇರವಾಗಿ ಟೈಪು ಮಾಡಿ ಮಾತನಾಡುವ ತಂತ್ರಾಂಶದ್ದು. ಇಮೇಲ್ ಸರ್ವರುಗಳು ಪರಸ್ಪರ ಮಾತನಾಡುವ ಎಸ್‌ಎಂಟಿಪಿ ಭಾಷೆಯನ್ನು 1982ರಲ್ಲಿ ಜಾನ್ ಪೋಸ್ಟೆಲ್ ಬರೆದಿಟ್ಟರು. ಅದು ಎಷ್ಟು ಸರಳವೆಂದರೆ ಮನುಷ್ಯನೇ ಕುಳಿತು ಸರ್ವರಿನಲ್ಲಿ ಇಮೇಲಿಗೆಂದೇ ಇರುವ ಬಾಗಿಲಾದ 25ನೇ ಪೋರ್ಟಿಗೆ ಸಂಪರ್ಕ ಸಾಧಿಸಿ, ಸರ್ವರಿನ ವೇಷ ಹಾಕಿಕೊಂಡು ಸಂಭಾಷಣೆ ನಡೆಸಬಹುದು. ಸರ್ವರ್ ‘220’ ಎಂದು ಬಾಗಿಲು ತೆರೆಯುತ್ತದೆ. ನಾವು ‘ಹಲೋ’ ಎನ್ನಬೇಕು. ಆದರೆ ಅಲ್ಲಿನ ಆಜ್ಞೆಗಳೆಲ್ಲ ನಾಲ್ಕು ಇಂಗ್ಲಿಷ್ ಅಕ್ಷರಗಳಿಗೆ ಮೀರಬಾರದೆಂಬ ಕಟ್ಟುಪಾಡಿನಿಂದಾಗಿ ಆ ಹಲೋದಲ್ಲಿ ಒಂದು ‘ಎಲ್’ ಕಡಿಮೆ. ಯಾರಿಂದ, ಯಾರಿಗೆ ಎಂದು ಹೇಳಿದ ಮೇಲೆ ‘354’ ಬರುತ್ತದೆ, ಅಂದರೆ ‘ಬರೆಯಪ್ಪ’ ಎಂದರ್ಥ. ಪತ್ರ ಮುಗಿಯಿತೆಂದು ತಿಳಿಸಲು ಒಂದು ಸಾಲಿನಲ್ಲಿ ಬರೀ ಚುಕ್ಕಿಯೊಂದನ್ನು ಇಡಬೇಕು. ನಾನು ‘ಹಲೋ’ವನ್ನು ರೂಢಿಯಂತೆ ಎರಡು ಎಲ್‌ಗಳೊಡನೆ ಬರೆದು, ಗಾಬರಿಯಿಂದ ಅಳಿಸಿ ತಿದ್ದಿದೆ, ಅಳಿಸಿದ್ದು ನನ್ನ ಪರದೆಗೆ ಮಾತ್ರ ಗೊತ್ತು, ಸರ್ವರಿಗೆ ಅಳಿಸುವ ಕೀಲಿಯೂ ಒಂದು ಅಕ್ಷರವೇ. ಅದು ‘500’ ಎಂದು ಗದರಿತು. ನಾಲ್ಕನೆಯ ಪ್ರಯತ್ನದಲ್ಲಿ ಚುಕ್ಕಿಯವರೆಗೆ ಬಂದೆ, ‘250’ ಸಿಕ್ಕಿತು, ಪತ್ರ ತಲುಪಿತು, ನಾನು ಕುರ್ಚಿಯಿಂದೆದ್ದು ವಿಜಯ ಘೋಷಿಸಿದೆ.

ಆದರೆ ಇದನ್ನೆಲ್ಲ ನಾನು ಮಾಡಿದ್ದು ಸರ್ವರಿನಿಂದ ಆರು ಅಡಿ ದೂರದ ನನ್ನ ಮೇಜಿನಿಂದ. ಮನೆಯೊಳಗೆ ನಿಂತು ಅಡುಗೆಮನೆಯ ಬಾಗಿಲು ತಟ್ಟಿ, ‘ಬೀದಿಬಾಗಿಲು ತೆರೆದೇ ಇದೆ’ ಎಂದು ಸಾರಿದಂತಾಗಿತ್ತು.

ಹೊರಗಿನಿಂದಲೇ ತಟ್ಟಬೇಕೆಂದು ಹೊಳೆದದ್ದು ಆ ರಾತ್ರಿ ಮನೆಯಲ್ಲಿ. ಅಲ್ಲಿಂದ ಟೆಲ್ನೆಟ್ ಮಾಡಿದರೆ ಉತ್ತರವೇ ಇಲ್ಲ. ಬಹಳ ಹೊತ್ತು ಮೌನವಾಗಿದ್ದು, ಕಡೆಗೆ ‘ಸಮಯ ಮೀರಿತು’ ಎಂದು ಬಂತು. ಮೌನವಿದೆಯೆಂದರೆ ಫೈರ್‌ವಾಲ್ ನುಂಗುತ್ತಿದೆ ಎಂದು ತೀರ್ಮಾನಿಸಿ ಮಂಗಳವಾರವಿಡೀ ಅದರ ನಿಯಮಗಳನ್ನು ಅಳಿಸಿ ಬರೆದೆ. ಕಳ್ಳ ಇಮೇಲುಗಳ ಹಾವಳಿ ತಡೆಯಲು ಮನೆಗಳಿಗೆ ಇಂಟರ್ನೆಟ್ ಕೊಡುವ ಅನೇಕ ಕಂಪನಿಗಳು 25ನೇ ಪೋರ್ಟಿನಲ್ಲಿ ಹೊರಹೋಗುವುದನ್ನೇ ತಡೆದಿರುತ್ತವೆ, ನುಂಗುತ್ತಿದ್ದದ್ದು ನನ್ನ ಮನೆಯ ಸಂಪರ್ಕವೇ ಎಂಬುದು ಆಗ ನನ್ನ ತಲೆಗೆ ಹೋಗಲಿಲ್ಲ. ಕಚೇರಿಗೆ ಸಂಪರ್ಕ ಕೊಟ್ಟವರಿಗೂ ಫೋನ್ ಮಾಡಿದೆ. ಅವರು ಸಮಾಧಾನದಿಂದ ಕೇಳಿಕೊಂಡು, ‘ದೂರಿನ ಸಂಖ್ಯೆಯನ್ನು ನಿಮಗೆ ಇಮೇಲ್ ಮಾಡಿದ್ದೇವೆ ಸಾರ್’ ಎಂದರು.

ಬುಧವಾರ, ಹೊರಗೆ ಸ್ವಂತ ಸರ್ವರ್ ಇಟ್ಟುಕೊಂಡಿರುವ ಗೆಳೆಯನನ್ನು ಬೇಡಿಕೊಂಡೆ. ಅವನು ಅಲ್ಲಿಂದ ತಟ್ಟಿ ನೋಡಿ, ‘ಮೌನವೇನಿಲ್ಲ ಮಾರಾಯ, ಸಂಪರ್ಕ ನಿರಾಕರಿಸಲಾಗಿದೆ ಎಂದು ಥಟ್ಟನೆ ಬರುತ್ತಿದೆ’ ಎಂದ. ಈ ಎರಡರ ನಡುವೆ ಅಜಗಜಾಂತರವಿದೆ. ಮೌನವೆಂದರೆ ಬಹುಮಟ್ಟಿಗೆ ಯಾರೋ ದಾರಿಯಲ್ಲೇ ಕತ್ತು ಹಿಸುಕುತ್ತಿದ್ದಾರೆ. ನಿರಾಕರಣೆಯೆಂದರೆ ಬಾಗಿಲವರೆಗೆ ಹೋಗಿದ್ದೇವೆ, ಒಳಗೆ ಯಾರೋ ಇದ್ದಾರೆ, ಆದರೆ ‘ಇಲ್ಲಿ ಆ ಹೆಸರಿನವರಿಲ್ಲ’ ಎನ್ನುತ್ತಿದ್ದಾರೆ. ಫೈರ್‌ವಾಲ್ ತನ್ನ ಕೆಲಸ ಮಾಡುತ್ತಲೇ ಇತ್ತು. 25ನೇ ಪೋರ್ಟಿಗೆ ಬಂದವರನ್ನೆಲ್ಲ ನಾನೇ ಹಿಂದೆ ಬರೆದಿಟ್ಟಂತೆ ಕಚೇರಿಯ ಜಾಲದೊಳಗಿನ 192.168.1.10 ಎಂಬ ವಿಳಾಸಕ್ಕೆ ಕರೆದೊಯ್ದು ಬಿಡುತ್ತಿತ್ತು. ಸರ್ವರಿನ ವಿಳಾಸ ತೆಗೆದು ನೋಡಿದರೆ 192.168.1.14.

ಹಾಗಾದರೆ 10ರಲ್ಲಿ ಇದ್ದವರು ಯಾರು? ಪ್ರಿಂಟರ್.

ಶನಿವಾರ ರಾತ್ರಿ ಕರೆಂಟು ಹೋಗಿ ಬಂದಿತ್ತು. ರೂಟರ್ ತನ್ನ ನೆನಪು ಕಳೆದುಕೊಂಡು ಎದ್ದು, ಮೊದಲು ಕೈಚಾಚಿದವರಿಗೆ ಮೊದಲ ವಿಳಾಸ ಎಂಬಂತೆ ಹಂಚಿತ್ತು. ಸರ್ವರಿಗೆ ಏಳಲು ಮೂರು ನಿಮಿಷ ಬೇಕು, ಪ್ರಿಂಟರ್ ಚುರುಕು. ಸರ್ವರಿಗೆ ಕಾಯಂ ವಿಳಾಸ ಕೊಡಬೇಕೆಂದು ಸ್ಥಾಪಿಸಿದ ದಿನವೇ ಓದಿದ್ದೆ, ‘ನಾಳೆ ಮಾಡೋಣ’ ಎಂದುಕೊಂಡಿದ್ದೆ. ನಾಲ್ಕು ದಿನಗಳಿಂದ ಲೋಕದ ಪತ್ರಗಳೆಲ್ಲ ಬಂದು ಪ್ರಿಂಟರಿನ ಕದ ತಟ್ಟಿ ವಾಪಸಾಗುತ್ತಿದ್ದವು. ಕಚೇರಿಯ ಕಂಪ್ಯೂಟರುಗಳು ಪ್ರಿಂಟರನ್ನು ಅದರ ಹಳೆಯ ವಿಳಾಸದಲ್ಲಿ ಹುಡುಕಿ ಸೋಲುತ್ತಿದ್ದವು. ಮೇಡಂ ಸೋಮವಾರವೇ ಹೇಳಿದ್ದು ಇದನ್ನೇ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ನಾನು ಮೂರು ದಿನ ಊರೆಲ್ಲ ಹುಡುಕಿದ್ದೆ.

ಫೈರ್‌ವಾಲಿನಲ್ಲಿ 10 ಇದ್ದದ್ದನ್ನು 14 ಮಾಡಿದೆ. ಗೆಳೆಯನಿಗೆ ‘220’ ಸಿಕ್ಕಿತು. ಆದರೂ ಹದಿನೈದು ನಿಮಿಷವಾದರೂ ಹೊರಗಿನ ಒಂದು ಪತ್ರವೂ ಬರಲಿಲ್ಲ. ಕಳುಹಿಸುವ ಸರ್ವರ್ ಒಮ್ಮೆ ಸೋತರೆ ಮರುಯತ್ನಕ್ಕೆ ಕನಿಷ್ಠ 30 ನಿಮಿಷ ಕಾಯಬೇಕು, ನಾಲ್ಕೈದು ದಿನವಾದರೂ ಕೈಬಿಡದೆ ಪ್ರಯತ್ನಿಸಬೇಕು ಎಂದು ಎಸ್‌ಎಂಟಿಪಿಯ 2008ರ ಪರಿಷ್ಕೃತ ನಿಯಮಾವಳಿ ಹೇಳುತ್ತದೆ. ಅಂದರೆ ಪತ್ರಗಳು ಕಳೆದುಹೋಗಿರಲಿಲ್ಲ, ತಮ್ಮ ಸರದಿಗಾಗಿ ಎಲ್ಲೋ ಕುಳಿತಿದ್ದವು. ಯಂತ್ರಗಳಿಗೆ ಇಷ್ಟು ತಾಳ್ಮೆ ಇರುವಾಗ ನನಗೆ ಇರಬಾರದೇ? ಇರಲಿಲ್ಲ. ಎಲ್ಲವೂ ‘ಹೊಸದಾಗಿ ಶುರುವಾಗಲಿ’ ಎಂದು ರೂಟರನ್ನೂ ಸರ್ವರನ್ನೂ ಆರಿಸಿ ಹಚ್ಚಿದೆ. ಸರ್ವರ್ ಈ ಸಲ 192.168.1.11 ಆಗಿ ಎದ್ದಿತು. ಇದನ್ನು ಕಂಡುಹಿಡಿಯಲು ಇನ್ನೊಂದು ಗಂಟೆ ಬೇಕಾಯಿತು. ಗೆಳೆಯ ಫೋನಿನಲ್ಲಿ ಏನೂ ಮಾತನಾಡಲಿಲ್ಲ, ಉಸಿರಾಟ ಮಾತ್ರ ಕೇಳಿಸುತ್ತಿತ್ತು. ಆಮೇಲಷ್ಟೇ ಸರ್ವರಿಗೆ 50 ಎಂಬ ಕಾಯಂ ವಿಳಾಸ ಕೊಟ್ಟೆ.

ಸಂಜೆಯಿಂದ ಪತ್ರಗಳು ಒಂದೊಂದಾಗಿ ಬರತೊಡಗಿದವು. ಗ್ರಾಹಕರ ನಾಲ್ಕು ಬಂದವು. ನನ್ನ ಖಾಸಗಿ ವಿಳಾಸದಿಂದ ನಾನೇ ಕಚೇರಿಯ ಸಾಮಾನ್ಯ ಪೆಟ್ಟಿಗೆಗೆ ಕಳುಹಿಸಿದ್ದ ಹದಿನೇಳು ಎಲ್ಲರ ಕಣ್ಣೆದುರು ಬಂದವು; ಮೊದಲನೆಯದರ ವಿಷಯ ‘ಪರೀಕ್ಷೆ’, ಒಂಬತ್ತನೆಯದು ‘ದಯವಿಟ್ಟು’, ಕೊನೆಯದರಲ್ಲಿ ವಿಷಯವೇ ಇಲ್ಲ. ಸಂಪರ್ಕ ಕೊಟ್ಟವರ ಎರಡು ಪತ್ರಗಳಿದ್ದವು: ಒಂದರಲ್ಲಿ ದೂರಿನ ಸಂಖ್ಯೆ, ಮತ್ತೊಂದರಲ್ಲಿ ನಮ್ಮಿಂದ ಉತ್ತರ ಬಾರದ ಕಾರಣ ಆ ದೂರನ್ನು ಮುಕ್ತಾಯಗೊಳಿಸಿದ ಸುದ್ದಿ.

ಯಾವ ಯಂತ್ರಕ್ಕೆ ಯಾವ ವಿಳಾಸ ಎಂಬ ಪಟ್ಟಿಯೊಂದನ್ನು ಅಚ್ಚುಕಟ್ಟಾಗಿ ಟೈಪು ಮಾಡಿ, ಗೋಡೆಗೆ ಅಂಟಿಸಲೆಂದು ಪ್ರಿಂಟ್ ಒತ್ತಿದೆ. ಏನೂ ಬರಲಿಲ್ಲ. ಮೇಡಂ ತಮ್ಮ ಕುರ್ಚಿಯಿಂದ ತಲೆಯೆತ್ತದೆಯೇ, ‘ಈಗ ಅದನ್ನು ನೋಡೋಣವೇ?’ ಎಂದರು.