ಸ್ಪಷ್ಟನೆ: ಮೊದಲ ಪೂರ್ಣಾವಧಿ ಅನಿಮೇಷನ್ ಚಿತ್ರ 1937ರದ್ದಲ್ಲ

ಡಿಸ್ನಿಯ 'ಸ್ನೋ ವೈಟ್' (1937) ಜಗತ್ತಿನ ಮೊದಲ ಪೂರ್ಣಾವಧಿ ಅನಿಮೇಷನ್ ಚಿತ್ರ ಎಂಬ ಮಾತು ಮತ್ತೆ ಹರಿದಾಡುತ್ತಿದೆ. ಇದು ತಪ್ಪು. ಅರ್ಜೆಂಟೀನಾದ ಕ್ವಿರಿನೊ ಕ್ರಿಸ್ಟಿಯಾನಿ 1917ರಲ್ಲೇ ಅಂಥ ಚಿತ್ರ ಮಾಡಿದ್ದರು. ಅದು ಇಂದು ಉಳಿದಿಲ್ಲ. ಉಳಿದಿರುವವುಗಳಲ್ಲಿ ಅತಿ ಹಳೆಯದು ಜರ್ಮನಿಯ ಲೋಟೆ ರೈನಿಗರ್ ಅವರ 'ರಾಜಕುಮಾರ ಅಹ್ಮದನ ಸಾಹಸಗಳು' (1926). ಸಾವಿರದ ಒಂದು ರಾತ್ರಿಗಳ ಕಥೆಗಳಿಂದ ಹೆಣೆದದ್ದು.

ರೈನಿಗರ್ ಕಪ್ಪು ರಟ್ಟನ್ನು ಬೊಂಬೆಗಳಾಗಿ ಕತ್ತರಿಸಿ, ಕೀಲುಗಳನ್ನು ತಂತಿಯಿಂದ ಜೋಡಿಸಿ, ಕೆಳಗಿನಿಂದ ಬೆಳಗಿದ ಗಾಜಿನ ಮೇಲೆ ಬೊಂಬೆಗಳನ್ನು ಕೂದಲೆಳೆಯಷ್ಟು ಸರಿಸುತ್ತ ಒಂದೊಂದೇ ಚಿತ್ರ ತೆಗೆದರು. ಮೂರು ವರ್ಷ ಹಿಡಿಯಿತು. ನಮ್ಮ ತೊಗಲುಗೊಂಬೆಯ ಬಣ್ಣದ ಹೊಳಪು ಈ ಬೊಂಬೆಗಳಿಗಿಲ್ಲ, ಬರೀ ಕಾಡಿಗೆಗಪ್ಪು. ಮುಖಭಾವವೇ ಕಾಣದ ಮಾಂತ್ರಿಕನ ನೆರಳು ಗೂನು ಬೆನ್ನಿನಲ್ಲಿ ತೆವಳುವಾಗ, ಉದ್ದನೆಯ ಬೆರಳುಗಳು ಚಾಚಿಕೊಳ್ಳುವಾಗ ಇಂದಿಗೂ ಮೈ ಜುಮ್ಮೆನ್ನುತ್ತದೆ. ಆ ಭಯದಲ್ಲೇ ಅದರ ಸೆಳೆತವಿದೆ ಎಂದು ನನಗೆ ಅನ್ನಿಸುತ್ತದೆ.

'ಸ್ನೋ ವೈಟ್'ನ ಹಿರಿಮೆ ಬೇರೆ: ಪಾರದರ್ಶಕ ಹಾಳೆಗಳ ಮೇಲೆ ಕೈಯಿಂದ ಬರೆದು, ಬಣ್ಣ ಮತ್ತು ಧ್ವನಿ ಕೂಡಿಸಿದ ಡಿಸ್ನಿಯ ಮೊದಲ ಪೂರ್ಣಾವಧಿ ಚಿತ್ರ ಅದು. ಆ ಶ್ರೇಯ ಅದಕ್ಕಿರಲಿ. ರೈನಿಗರ್ ಹೆಸರನ್ನು ಮಾತ್ರ ದಯವಿಟ್ಟು ಅಳಿಸಬೇಡಿ.