ಆ ಟಾರ್ಚ್ ಆರಿಸಿ, ದಯವಿಟ್ಟು

ಮೊನ್ನೆ ಶನಿವಾರ ನಮ್ಮ ಬಡಾವಣೆಯ ಮೈದಾನದಲ್ಲಿ ಉಚಿತ ಆಕಾಶ ವೀಕ್ಷಣೆ ಇತ್ತು. ಎರಡು ಟೆಲಿಸ್ಕೋಪ್, ಉದ್ದನೆಯ ಸಾಲು. ನನ್ನ ಮುಂದೆ ಅಜ್ಜಿಯ ಕೈ ಹಿಡಿದು ನಿಂತಿದ್ದ ಏಳೆಂಟು ವರ್ಷದ ಹುಡುಗಿ. ಮುಕ್ಕಾಲು ಗಂಟೆ ಕಾದ ಮೇಲೆ ಅವಳ ಸರದಿ ಬಂತು. ಸ್ಟೂಲ್ ಹತ್ತಿ ಒಂದು ಕಣ್ಣು ಮುಚ್ಚಿದಳು. ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಚಪ್ಪಲಿ ಹುಡುಕಲು ಮೊಬೈಲ್ ಟಾರ್ಚ್ ಹಾಕಿದರು. ನೇರ ಅವಳ ಮುಖಕ್ಕೆ. "ಏನೂ ಕಾಣ್ತಿಲ್ಲ ಅಜ್ಜಿ" ಅಂದಳು. ನನ್ನ ಕರುಳು ಚುರುಕ್ ಎಂದಿತು.

ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಕೆಡಿಸಲು ಒಂದೆರಡು ಸೆಕೆಂಡಿನ ಬೆಳಕು ಸಾಕು. ಗುರುಗ್ರಹವಾದರೆ ಹೇಗೋ ಕಾಣುತ್ತದೆ, ಅದರ ಹೊಳಪೇ ಜಾಸ್ತಿ. ಆದರೆ ಅವಳು ನೋಡಬೇಕಿದ್ದದ್ದು ಒರಾಯನ್ ನೀಹಾರಿಕೆ, ಅಂದರೆ ಬಾಹ್ಯಾಕಾಶದಲ್ಲಿರುವ ಅನಿಲ, ದೂಳಿನ ದೊಡ್ಡ ಮೋಡ. ತೆಳು ಮಂಜಿನಂಥ ಬೆಳಕು ಅದು. ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದಾಗ ಅಲ್ಲಿಂದ ಹೊರಟು, ಸುಮಾರು 1,300 ವರ್ಷ ದಾರಿ ಸವೆಸಿ ಬಂದಿದೆ. ಕೊನೆಯ ಒಂದು ಗೇಣಿನಲ್ಲಿ ಅದನ್ನು ನಾವು ಹಾಳು ಮಾಡಬೇಕಾ?

ಫ್ಲ್ಯಾಶ್ ಹಾಕಿ ಫೋಟೊ ತೆಗೆಯುವವರದ್ದು ಇನ್ನೊಂದು ಗೋಳು. ಆ ಬೆಳಕು ನಕ್ಷತ್ರಕ್ಕೆ ಮುಟ್ಟುವುದಿಲ್ಲ, ಸಾಲಿನಲ್ಲಿ ನಿಂತವರ ಕಣ್ಣಿಗೆ ಮುಟ್ಟುತ್ತದೆ, ಅಲ್ವಾ? ಮೈದಾನದ ಮೂಲೆಯ ಫೋಕಸ್ ಲೈಟನ್ನೂ ಯಾರೂ ಆರಿಸಿರಲಿಲ್ಲ.

ಬೆಳಕು ಬೇಕೇ ಬೇಕಾದರೆ ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿ, ನೆಲಕ್ಕೆ ಹಿಡಿಯಿರಿ. ಮಂದ ಕೆಂಪು ಬೆಳಕು ಕಣ್ಣನ್ನು ಅಷ್ಟಾಗಿ ಕೆಡಿಸುವುದಿಲ್ಲ.

ಆ ಮಗುವಿಗೆ ಇನ್ನೊಮ್ಮೆ ತೋರಿಸಿ ಎಂದು ಕೇಳಿದೆ. ಸ್ವಯಂಸೇವಕರು ಒಪ್ಪಿದರು. ತಿರುಗಿ ನೋಡಿದರೆ ಅವಳು ಆಗಲೇ ಅಜ್ಜಿ ಜೊತೆ ಗೇಟು ದಾಟಿದ್ದಳು.